‘ಆ್ಯಸ್ ಸೂನ್ ಆ್ಯಸ್’ ಕಲಿಸೋಕೆ ಟ್ರಿಕ್ ಯಾಕೆ, ನಮ್ಮ ಮಾತು ಇಲ್ವಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹತ್ತನೇ ತರಗತಿ ಮಕ್ಕಳಿಗೆ ಅಂತ ನಿಮ್ಮ ಪತ್ರಿಕೆಯಲ್ಲಿ ಬರುವ ಪರೀಕ್ಷಾ ಪುಟವನ್ನು ನಾನು ತಪ್ಪದೆ ನೋಡುತ್ತೇನೆ. ನೋಡುವುದಷ್ಟೇ ಅಲ್ಲ, ಸಂಜೆ ನನ್ನ ಹತ್ತಿರ ಇಂಗ್ಲಿಷ್ ಕೇಳೋಕೆ ಬರುವ ಮಕ್ಕಳಿಗೆ ಅದನ್ನು ಕತ್ತರಿಸಿ ಕೊಡುತ್ತೇನೆ. ಈಚೆಗೆ ಆ ಪುಟದಲ್ಲಿ ‘ಆ್ಯಸ್ ಸೂನ್ ಆ್ಯಸ್’, ಅಂದರೆ ನಮ್ಮ ‘ಕೂಡಲೇ’ ಅನ್ನುವ ಅರ್ಥದ ಇಂಗ್ಲಿಷ್ ಮಾತಿನ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬಂದಿತ್ತು. ‘ಸುಲಭ ಟ್ರಿಕ್’ ಅಂತ ಅದರ ಹೆಸರು. ಅದರ ಕೆಳಗೆ ಮಾದರಿ ವಾಕ್ಯ ಹೀಗಿತ್ತು: ‘ಆ್ಯಸ್ ಸೂನ್ ಆ್ಯಸ್ ಐ ವಿಲ್ ರೀಚ್ ಬೆಂಗಳೂರು, ಐ ವಿಲ್ ಕಾಲ್ ಯೂ’. ಅದರ ಮುಂದೆಯೇ ಇನ್ನೊಂದು ಉಪದೇಶ. ‘ಆ್ಯಸ್ ಸೂನ್ ಆ್ಯಸ್’ ತೆಗೆದು ‘ನೋ ಸೂನರ್’ ಹಾಕಿ, ಕಾಮಾ ಇದ್ದ ಕಡೆ ‘ದ್ಯಾನ್’ ಹಾಕಿ, ಅಂಕ ನಿಮ್ಮದು ಅಂತ.

ಮೊದಲ ವಾಕ್ಯ ತಪ್ಪು. ಎರಡನೇ ಉಪದೇಶ ಅರ್ಧ ಮಾತ್ರ ಸರಿ. ಇಷ್ಟು ಹೇಳೋಕೆ ಇಷ್ಟುದ್ದ ಪತ್ರ ಬೇಕಾ ಅಂತ ಕೇಳಬಹುದು. ತಪ್ಪು ಹೇಳಿ ಸುಮ್ಮನಾಗೋದಿದ್ದರೆ ಬೇಡ. ಆದರೆ ಈ ತಪ್ಪು ಎಲ್ಲಿಂದ ಬರುತ್ತದೆ, ಅದನ್ನು ತೆಗೆಯೋಕೆ ನಮ್ಮ ಮಕ್ಕಳ ಹತ್ತಿರ ಈಗಾಗಲೇ ಏನಿದೆ ಅನ್ನೋದನ್ನು ಯಾರೂ ಹೇಳುತ್ತಿಲ್ಲ. ನಾನು ಸೇಡಂ, ಚಿತ್ತಾಪುರ ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು, ಈಗ ಕಲಬುರಗಿಯಲ್ಲಿದ್ದೇನೆ. ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ನಿಮ್ಮ ಜಾಗಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಿ.

ಕಲಬುರಗಿ ರೈಲ್ವೆ ಸ್ಟೇಷನ್ನಿನಲ್ಲಿ ರಾತ್ರಿ ಹೊತ್ತು ಹೋಗಿ ನಿಂತರೆ ಈ ಮಾತು ಎಷ್ಟು ಸಲ ಕಿವಿಗೆ ಬೀಳುತ್ತದೆ ಅಂತ ಲೆಕ್ಕ ಇಡೋಕಾಗಲ್ಲ. ಮಗ ಬೆಂಗಳೂರಿಗೆ ಕೆಲಸಕ್ಕೆ ಹೊರಟಿದ್ದಾನೆ, ತಾಯಿ ಕಿಟಕಿ ಹತ್ತಿರ ನಿಂತು ಹೇಳುತ್ತಾಳೆ: ‘ಮುಟ್ಟಿದ ಕೂಡ್ಲೆ ಫೋನ್ ಮಾಡಪ್ಪ.’ ಅವನು ಇನ್ನೂ ಮುಟ್ಟಿಲ್ಲ, ರೈಲು ಇನ್ನೂ ಬಿಟ್ಟಿಲ್ಲ. ಬೆಂಗಳೂರು ಮುಟ್ಟೋದು ನಾಳೆ ಬೆಳಗ್ಗೆ. ಆದರೂ ಆ ತಾಯಿ ‘ಮುಟ್ಟಿದ’ ಅಂತಾಳೆ, ಆಗಿಹೋದ ಕೆಲಸದ ಹಾಗೆ. ‘ಮುಟ್ಟುವ ಕೂಡ್ಲೆ’ ಅಂತ ಯಾವ ತಾಯಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ನೀವೂ ಕೇಳಿರಲಿಕ್ಕಿಲ್ಲ.

ಅಂದರೆ ಮುಂದೆ ಆಗುವ ಎರಡು ಕೆಲಸ ಇದ್ದು, ಒಂದರ ಬೆನ್ನಿಗೇ ಇನ್ನೊಂದು ಆಗಬೇಕಾದರೆ, ಮೊದಲನೇ ಕೆಲಸಕ್ಕೆ ಕನ್ನಡ ಭವಿಷ್ಯತ್ ಕಾಲ ಹಚ್ಚುವುದಿಲ್ಲ. ‘ಮಾಡು’, ‘ಮಾಡ್ತೀನಿ’ ಅನ್ನುವ ಎರಡನೇ ಮಾತೇ ಇದು ಮುಂದಿನ ವಿಷಯ ಅಂತ ಹೇಳಿಬಿಡುತ್ತದೆ. ಎರಡು ಸಲ ಹೇಳೋದು ಯಾಕೆ ಅಂತ ಭಾಷೆ ಬಿಟ್ಟುಬಿಟ್ಟಿದೆ.

ಇಂಗ್ಲಿಷ್ ಮಾಡುವುದೂ ಇದನ್ನೇ. ‘ಆ್ಯಸ್ ಸೂನ್ ಆ್ಯಸ್ ಐ ರೀಚ್ ಬೆಂಗಳೂರು, ಐ ವಿಲ್ ಕಾಲ್ ಯೂ’. ‘ವಿಲ್’ ಒಂದೇ ಕಡೆ, ಎರಡನೇ ಕಡೆ ಮಾತ್ರ. ‘ವೆನ್’, ‘ಬಿಫೋರ್’, ‘ಆಫ್ಟರ್’, ‘ಅಂಟಿಲ್’, ‘ಒನ್ಸ್’ ಇವುಗಳಿಗೂ ಇದೇ ರೀತಿ. ಅವುಗಳ ಬೆನ್ನಿಗೆ ಬರುವ ಮಾತಿನಲ್ಲಿ ‘ವಿಲ್’ ಇರುವುದಿಲ್ಲ.

ನಮ್ಮ ಭಾಗದಲ್ಲಿ ಮನೆಯಲ್ಲಿ ಕನ್ನಡವೇ ಆಡುವ ಮಕ್ಕಳು ಮಾತ್ರ ಇಲ್ಲ, ಅದು ನಿಮಗೂ ಗೊತ್ತು. ಒಂದೇ ಬೆಂಚಿನಲ್ಲಿ ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ದಖನಿಯಲ್ಲಿ ಇದೇ ಮಾತು ‘ಘರ್ ಕೂ ಆತೇಚ್ ಫೋನ್ ಕರ್’. ಅಲ್ಲಿ ಭವಿಷ್ಯತ್ ಇಲ್ಲ. ಸೇಡಂ ದಾಟಿ ತೆಲಂಗಾಣದ ಗಡಿ ಕಡೆ ಹೋದರೆ ‘ರಾಗಾನೇ ಚೆಪ್ಪು’, ಬಂದ ಕೂಡಲೇ ಹೇಳು ಅಂತ. ಅಲ್ಲೂ ಇಲ್ಲ. ಆಳಂದ ದಾಟಿ ಮಹಾರಾಷ್ಟ್ರದ ಕಡೆ ಹೋದರೆ ‘ಪೋಹೋಚಲಾಸ್ ಕೀ ಫೋನ್ ಕರ್’, ಅದೂ ನಮ್ಮ ಹಾಗೆಯೇ ಆಗಿಹೋದ ರೂಪ. ಸುತ್ತಮುತ್ತಲಿನ ಇಷ್ಟು ಭಾಷೆಗಳಲ್ಲಿ ಇಲ್ಲದ ‘ವಿಲ್’ ನಮ್ಮ ಮಕ್ಕಳ ಇಂಗ್ಲಿಷಿಗೆ ಎಲ್ಲಿಂದ ಬಂತು? ಮನೆಮಾತಿನಿಂದಂತೂ ಬರಲಿಲ್ಲ. ‘ಮಾತೃಭಾಷೆಯ ಪ್ರಭಾವದಿಂದ ಮಕ್ಕಳು ತಪ್ಪು ಮಾಡುತ್ತಾರೆ’ ಅಂತ ತರಬೇತಿಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಈ ಒಂದು ವಿಷಯದಲ್ಲಿ ಮಾತೃಭಾಷೆಯ ಪ್ರಭಾವ ಬಿದ್ದಿದ್ದರೆ ಮಗು ‘ವಿಲ್’ ಬರೆಯುತ್ತಲೇ ಇರಲಿಲ್ಲ.

ಅದು ಬಂದದ್ದು ನಮ್ಮಿಂದ, ಮಾಸ್ತರುಗಳಿಂದ ಮತ್ತು ಗೈಡುಗಳಿಂದ. ‘ಟುಮಾರೋ’ ಕಂಡರೆ ‘ವಿಲ್’ ಹಾಕು ಅಂತ ಐದನೇ ತರಗತಿಯಿಂದ ಬಾಯಿಪಾಠ ಮಾಡಿಸುತ್ತೇವೆ. ಮಗು ವಿಧೇಯವಾಗಿ ಎರಡೂ ಕಡೆ ಹಾಕುತ್ತದೆ. ಅದು ದಡ್ಡತನ ಅಲ್ಲ, ಹೇಳಿಕೊಟ್ಟದ್ದನ್ನು ಪಾಲಿಸಿದ್ದು.

ಈಗ ಒಂದು ತೊಡಕು ಇದೆ, ಅದನ್ನು ಮುಚ್ಚಿಟ್ಟರೆ ಆಗಲ್ಲ. ‘ಮುಟ್ಟಿದ’ ಭೂತಕಾಲದ ರೂಪ ಅಲ್ವಾ ಅಂತ ಜಾಣ ಹುಡುಗಿಯೊಬ್ಬಳು ‘ಆ್ಯಸ್ ಸೂನ್ ಆ್ಯಸ್ ಐ ರೀಚ್ಡ್ ಬೆಂಗಳೂರು, ಐ ವಿಲ್ ಕಾಲ್ ಯೂ’ ಅಂತ ಬರೆದಾಳು. ಅದೂ ತಪ್ಪೇ. ಕನ್ನಡದಲ್ಲಿ ‘ಬಸ್ ನಿಂತ ಕೂಡಲೇ ಜನ ಇಳಿದರು’ ಅಂತಲೂ ಹೇಳುತ್ತೇವೆ, ‘ಬಸ್ ನಿಂತ ಕೂಡಲೇ ಇಳೀರಿ’ ಅಂತಲೂ ಹೇಳುತ್ತೇವೆ. ‘ನಿಂತ’ ಎರಡಕ್ಕೂ ಒಂದೇ. ಇಂಗ್ಲಿಷ್ ಇಲ್ಲಿ ಬೇರೆ ಮಾಡುತ್ತದೆ. ಆದ ಕಥೆ ಹೇಳುವಾಗ ಎರಡೂ ಕಡೆ ಭೂತಕಾಲ: ‘ಆ್ಯಸ್ ಸೂನ್ ಆ್ಯಸ್ ದ ಟ್ರೇನ್ ಸ್ಟಾಪ್ಡ್ ಅಟ್ ವಾಡಿ, ವಿ ಗಾಟ್ ಡೌನ್ ಫಾರ್ ಟೀ’. ಮುಂದಿನ ಮಾತಾದರೆ ಮೊದಲ ಕಡೆ ವರ್ತಮಾನ. ಹಾಗಾಗಿ ಮಕ್ಕಳಿಗೆ ಹೇಳಬೇಕಾದ್ದು ಇಷ್ಟೇ. ವಾಕ್ಯದ ಕೊನೆ ನೋಡು. ‘ಇಳಿದರು’ ಅಂತ ಇದ್ದರೆ ಎರಡೂ ಕಡೆ ಭೂತ, ‘ಇಳೀರಿ’, ‘ಇಳೀತೀವಿ’ ಅಂತ ಇದ್ದರೆ ಮೊದಲ ಕಡೆ ‘ವಿಲ್’ ಇಲ್ಲದ ಸಾದಾ ಕ್ರಿಯಾಪದ. ಕನ್ನಡದಲ್ಲಿ ಕ್ರಿಯೆ ಹೇಗೂ ಕೊನೆಗೇ ಬರುತ್ತದೆ, ಹುಡುಕುವ ಕೆಲಸ ಕಡಿಮೆ.

ಮಕ್ಕಳ ಜೊತೆ ಇದನ್ನು ಮಾಡುವಾಗ ನಾನು ಪುಸ್ತಕದ ವಾಕ್ಯ ಬಳಸುವುದಿಲ್ಲ. ‘ದ ಥೀಫ್ ಸಾ ದ ಪೊಲೀಸ್, ಹಿ ರ‍್ಯಾನ್ ಅವೇ’ ಅನ್ನುವ ಕಳ್ಳ ಇಷ್ಟು ವರ್ಷ ಎಲ್ಲ ಗೈಡುಗಳಲ್ಲೂ ಓಡಿ ಓಡಿ ಸುಸ್ತಾಗಿರಬೇಕು. ಪಾಪ, ಬಿಟ್ಟುಬಿಡೋಣ. ಡಿಸೆಂಬರ್ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಯಾವ ಹಳ್ಳಿಯಲ್ಲಾದರೂ ಕಿರಾಣಿ ಅಂಗಡಿ ಮುಂದೆ ನಿಂತರೆ ಸಿಗುವ ವಾಕ್ಯ ‘ತೊಗರಿ ರಾಶಿ ಆದ ಕೂಡ್ಲೆ ನಿಮ್ಮ ರೊಕ್ಕ ಕೊಡ್ತೀನ್ರಿ’. ‘ಆ್ಯಸ್ ಸೂನ್ ಆ್ಯಸ್ ದ ತೂರ್ ಹಾರ್ವೆಸ್ಟ್ ಈಸ್ ಓವರ್, ಐ ವಿಲ್ ಪೇ ಯೂ’. ಇಲ್ಲಿ ‘ಈಸ್’ ಯಾಕೆ, ‘ವಿಲ್ ಬಿ’ ಯಾಕಲ್ಲ ಅಂತ ಮಗುವಿಗೆ ಒಮ್ಮೆ ಹೊಳೆದರೆ ಮುಗೀತು. ನೀರು ಬಿಟ್ಟ ಕೂಡಲೇ ಕೊಡ ತುಂಬಿಸು. ಕರೆಂಟ್ ಬಂದ ಕೂಡಲೇ ಮೋಟರ್ ಹಚ್ಚು. ಅಪ್ಪ ಹೊಲದಿಂದ ಬಂದ ಕೂಡಲೇ ಊಟ ಮಾಡೋಣ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆದ ಕೂಡಲೇ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಈ ಕೊನೆಯದು ಪ್ರತಿ ವರ್ಷ ನಡೆಯುವ ಮಾತು, ಆದ್ದರಿಂದ ಇಂಗ್ಲಿಷಿನಲ್ಲಿ ಎರಡೂ ಕಡೆ ವರ್ತಮಾನವೇ ಬರುತ್ತದೆ. ಇಂಥವನ್ನು ಮಕ್ಕಳೇ ತರುತ್ತಾರೆ, ನಾವು ಹೇಳಿಕೊಡಬೇಕಾಗಿಲ್ಲ.

‘ಮುಗಿಸಿದ ಕೂಡಲೇ’ ಅನ್ನುವಲ್ಲಿ ಕೆಲಸ ಪೂರ್ತಿ ಆಗಲಿ ಅನ್ನೋದಕ್ಕೆ ಒತ್ತು ಬೇಕಾದರೆ ‘ಆ್ಯಸ್ ಸೂನ್ ಆ್ಯಸ್ ಐ ಹ್ಯಾವ್ ಫಿನಿಶ್ಡ್’ ಅಂತಲೂ ಬರೆಯಬಹುದು. ಅದು ಹತ್ತನೇ ತರಗತಿಗೆ ಸ್ವಲ್ಪ ಮುಂದಿನ ಮಾತು. ಕೇಳಿದವರಿಗೆ ಹೇಳಿದರೆ ಸಾಕು.

‘ವೆನ್’ ಬಗ್ಗೆ ಮಾತ್ರ ಒಂದು ಮಾತು ಸೇರಿಸಲೇಬೇಕು, ಯಾಕಂದರೆ ಅಲ್ಲಿ ಮಾಸ್ತರುಗಳೇ ಎಡವುತ್ತಾರೆ. ‘ವೆನ್ ಬಂದರೆ ವಿಲ್ ಬರಲ್ಲ’ ಅಂತ ಕಲಿಸಿದ ಮರುದಿನ ಮಗು ಪಾಠದಲ್ಲಿ ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಅನ್ನುವ ವಾಕ್ಯ ತಂದು ತೋರಿಸುತ್ತದೆ. ಸರ್, ಇಲ್ಲಿ ಬಂತಲ್ಲ? ಬಂದೇ ಬರುತ್ತದೆ. ಇದು ಬೇರೆ ‘ವೆನ್’. ಕನ್ನಡದಲ್ಲಿ ಇವೆರಡು ಬೇರೆ ಬೇರೆ ಮಾತು. ಒಂದು ‘ಅವನು ಬಂದಾಗ’, ಇನ್ನೊಂದು ‘ಅವನು ಯಾವಾಗ ಬರ್ತಾನೋ’. ‘ಬಂದಾಗ’ ಅಂತ ಕನ್ನಡ ಹೊಂದಿದರೆ ‘ವಿಲ್’ ಬೇಡ. ‘ಯಾವಾಗ’ ಅಂತ ಹೊಂದಿದರೆ ‘ವಿಲ್’ ಇರಲಿ. ಇಂಗ್ಲಿಷ್ ಒಂದೇ ಪದದಲ್ಲಿ ಮುಚ್ಚಿಟ್ಟದ್ದನ್ನು ಕನ್ನಡ ಬಿಡಿಸಿ ಇಟ್ಟಿದೆ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಆಡಬಾರದು ಅಂತ ಹಟ ಮಾಡುವ ಶಾಲೆಗಳು ಈ ಒಂದು ಕೀಲಿಯನ್ನು ಮಗುವಿನ ಕೈಯಿಂದ ಕಸಿದುಕೊಳ್ಳುತ್ತವೆ.

ಇನ್ನು ನಿಮ್ಮ ಪುಟದ ‘ನೋ ಸೂನರ್’ ಟ್ರಿಕ್. ಕಾಮಾ ಇದ್ದ ಕಡೆ ‘ದ್ಯಾನ್’ ಹಾಕಿ ಅಂತ ಬರೆದಿದ್ದೀರಿ. ಕಾಮಾ ಇಲ್ಲದಿದ್ದರೆ? ‘ವಿ ಗಾಟ್ ಡೌನ್ ಆ್ಯಸ್ ಸೂನ್ ಆ್ಯಸ್ ದ ಟ್ರೇನ್ ಸ್ಟಾಪ್ಡ್’ ಅಂತ ತಿರುಗಿಸಿ ಬರೆದರೆ ಮಧ್ಯದಲ್ಲಿ ಕಾಮಾ ಬರುವುದಿಲ್ಲ. ಆಗ ಮಗು ಎಲ್ಲಿ ಹುಡುಕಬೇಕು? ಟ್ರಿಕ್ ಅಲ್ಲಿಗೇ ಮುರಿದು ಬೀಳುತ್ತದೆ.

ಅದಕ್ಕಿಂತ ದೊಡ್ಡದು ಕ್ರಿಯಾಪದದ ವಿಷಯ. ‘ನೋ ಸೂನರ್ ದ ಟ್ರೇನ್ ಸ್ಟಾಪ್ಡ್’ ಅನ್ನುವುದು ಇಂಗ್ಲಿಷ್ ಅಲ್ಲ. ‘ನೋ’ ಅನ್ನುವ ಇಲ್ಲ-ಪದ ವಾಕ್ಯದ ಮುಂದಕ್ಕೆ ಬಂದರೆ ಪ್ರಶ್ನೆ ಕೇಳುವಾಗ ಮಾಡುವ ಹಾಗೆ ಕ್ರಿಯಾಪದ ಒಡೆಯುತ್ತದೆ. ‘ನೋ ಸೂನರ್ ಡಿಡ್ ದ ಟ್ರೇನ್ ಸ್ಟಾಪ್ ದ್ಯಾನ್ ವಿ ಗಾಟ್ ಡೌನ್’. ‘ಡಿಡ್’ ಬಂದ ಮೇಲೆ ‘ಸ್ಟಾಪ್ಡ್’ ಹೋಗಿ ‘ಸ್ಟಾಪ್’ ಆಗಬೇಕು. ಅಥವಾ ‘ನೋ ಸೂನರ್ ಹ್ಯಾಡ್ ದ ಟ್ರೇನ್ ಸ್ಟಾಪ್ಡ್ ದ್ಯಾನ್’. ನಿಮ್ಮ ಟಿಪ್ಪಣಿಯಲ್ಲಿ ಈ ‘ಡಿಡ್’, ‘ಹ್ಯಾಡ್’ ಎರಡರ ಸುದ್ದಿಯೇ ಇಲ್ಲ.

‘ದ್ಯಾನ್’ ಯಾಕೆ ಅಂತ ಯಾರೂ ಮಕ್ಕಳಿಗೆ ಹೇಳುವುದಿಲ್ಲ, ಅದು ನನಗೆ ಬೇಜಾರು. ‘ಸೂನರ್’ ಅಂದರೆ ‘ಇನ್ನೂ ಬೇಗ’. ‘ಟಾಲರ್ ದ್ಯಾನ್’, ‘ಬಿಗರ್ ದ್ಯಾನ್’ ಅಂತ ಆರನೇ ತರಗತಿಯಲ್ಲೇ ಕಲಿತಿರುತ್ತಾರೆ. ಇದೂ ಅದೇ ಸಾಲಿನ ಮಾತು. ನಾವು ಇಳಿದದ್ದಕ್ಕಿಂತ ರೈಲು ನಿಂತದ್ದು ಒಂದಿಷ್ಟೂ ಮುಂಚೆ ಅಲ್ಲ, ಅಷ್ಟು ಬೆನ್ನಿಗೇ ಇಳಿದೆವು. ‘ಗಿಂತ’ ಎಲ್ಲಿದೆಯೋ ಅಲ್ಲಿ ‘ದ್ಯಾನ್’. ಹೀಗೆ ಒಮ್ಮೆ ಅರ್ಥವಾದ ಮಗು ‘ನೋ ಸೂನರ್’ ಜೊತೆ ‘ವೆನ್’ ಬರೆಯುವುದಿಲ್ಲ. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’ ಬಂದಾಗ ‘ವೆನ್’ ಯಾಕೆ ಅಂತ ಕೇಳಿದರೂ ಉತ್ತರ ಸುಲಭ. ಅಲ್ಲಿ ‘ಸೂನರ್’, ‘ಟಾಲರ್’ ಕೊನೆಗೆ ಬರುವ ‘ಅರ್’ ಇಲ್ಲ, ಹೋಲಿಕೆ ಇಲ್ಲ.

ಇನ್ನೊಂದು ಮಾತು ಗೈಡುಗಳಲ್ಲಿ ಕಂಡದ್ದೇ ಇಲ್ಲ. ಈ ಬದಲಾವಣೆ ಎಲ್ಲ ವಾಕ್ಯಕ್ಕೂ ಹೊಂದುವುದಿಲ್ಲ. ‘ಮುಟ್ಟಿದ ಕೂಡಲೇ ಫೋನ್ ಮಾಡು’ ಅನ್ನುವುದನ್ನು ‘ನೋ ಸೂನರ್’ ಹಾಕಿ ಹೇಳೋಕೆ ಬರುವುದಿಲ್ಲ, ಅದು ಆಜ್ಞೆ. ‘ನೋ ಸೂನರ್’ ಹೆಚ್ಚಾಗಿ ಆದ ಘಟನೆಯನ್ನು ಕಥೆಯ ಧಾಟಿಯಲ್ಲಿ ಹೇಳುವಾಗ ಬಳಸುವ, ಬರಹದಲ್ಲೇ ಬದುಕಿರುವ ರೂಪ. ಇಂಗ್ಲಿಷ್ ಮನೆಮಾತಾಗಿರುವ ಜನ ಕೂಡ ದಿನದ ಮಾತಿನಲ್ಲಿ ಅದನ್ನು ಆಡುವುದು ಅಪರೂಪ. ಆದರೆ ನಮ್ಮಲ್ಲಿ ಏನಾಗಿದೆ ನೋಡಿ. ಮಕ್ಕಳಿಗೆ ‘ನೋ ಸೂನರ್’ ತಿರುಗಿಸೋಕೆ ಬರುತ್ತದೆ, ‘ಐ ವಿಲ್ ಕಾಲ್ ಯೂ ಆ್ಯಸ್ ಸೂನ್ ಆ್ಯಸ್ ಐ ರೀಚ್’ ಅಂತ ಬಾಯಿಬಿಟ್ಟು ಹೇಳೋಕೆ ಬರುವುದಿಲ್ಲ. ಮೊದಲನೆಯದಕ್ಕೆ ಒಂದು ಅಂಕ. ಎರಡನೆಯದು ಬೆಂಗಳೂರಿನಲ್ಲಿ ಕೆಲಸಕ್ಕೆ ಹೋದ ಮೊದಲ ವಾರವೇ ಬೇಕಾಗುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ನಮ್ಮ ಕಲಬುರಗಿ ಕೊನೆ. ಮೊದಲ ಪರೀಕ್ಷೆಯಲ್ಲಿ ಶೇ 42.43 ಮಕ್ಕಳು ಪಾಸು ಅಂತ ನಿಮ್ಮ ಮುಖಪುಟದಲ್ಲೇ ಓದಿದ್ದು. ‘ಆ್ಯಸ್ ಸೂನ್ ಆ್ಯಸ್’ ಬಾರದ್ದಕ್ಕೆ ಜಿಲ್ಲೆ ಹಿಂದೆ ಬಿತ್ತು ಅಂತ ನಾನು ಹೇಳಿದರೆ ಜನ ನಗುತ್ತಾರೆ. ಖಾಲಿ ಹುದ್ದೆ, ಗುಳೆ ಹೋಗುವ ಮನೆ, ಹೊಲದ ಕೆಲಸ, ದೂರದ ಶಾಲೆ ಎಲ್ಲ ಇದೆ. ಆದರೆ ಫಲಿತಾಂಶ ಕೆಳಗೆ ಬಿದ್ದಷ್ಟೂ ಟ್ರಿಕ್ಕಿನ ವ್ಯಾಪಾರ ಮೇಲೆ ಏರುತ್ತದೆ, ಅದನ್ನು ಕಣ್ಣಾರೆ ನೋಡುತ್ತಿದ್ದೇನೆ. ಪಾಸಿಂಗ್ ಪ್ಯಾಕೇಜ್, ಸ್ಕೋರಿಂಗ್ ಪ್ಯಾಕೇಜ್, ರಾತ್ರಿ ಓದು, ಮಾದರಿ ಉತ್ತರದ ಜೆರಾಕ್ಸ್. ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸೋಕೆ ಶುರು ಮಾಡಿದ್ದು 2007ರಲ್ಲಿ. ಅಂದರೆ ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹತ್ತು ವರ್ಷದ ಇಂಗ್ಲಿಷ್ ಆಗಿರುತ್ತದೆ. ಹತ್ತು ವರ್ಷ ಆದ ಮೇಲೆ ಕೈಗೆ ಬಂದದ್ದು ಕಾಮಾ ತೆಗೆದು ‘ದ್ಯಾನ್’ ಹಾಕುವ ವಿದ್ಯೆ.

ಇಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಈ ‘ಆ್ಯಸ್ ಸೂನ್ ಆ್ಯಸ್’ಗೆ ಒಬ್ಬ ತಮ್ಮ ಇದ್ದಾನೆ, ಅವನನ್ನು ಬಿಡೋಕಾಗಲ್ಲ. ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’, ಅಂದರೆ ‘ಸಾಧ್ಯವಾದಷ್ಟು ಬೇಗ’. ಪತ್ರಲೇಖನದ ಪ್ರಶ್ನೆಯಲ್ಲಿ ಪ್ರತಿ ಮಗುವೂ ಕೊನೆಗೆ ಬರೆಯುವ ಸಾಲು. ಮಿನಿ ವಿಧಾನಸೌಧದ ಸುತ್ತ ಅರ್ಜಿ ಟೈಪ್ ಮಾಡುವ ಅಂಗಡಿಗಳಲ್ಲೂ ಇದೇ ಸಾಲು, ಕೇಳದಿದ್ದರೂ ಹಾಕಿ ಕೊಡುತ್ತಾರೆ.

ತೊಗರಿ ರಾಶಿಯ ವಾಕ್ಯ ಮತ್ತೊಮ್ಮೆ ನೋಡಿ. ಅಲ್ಲಿ ಹಗ್ಗದ ಒಂದು ತುದಿ ‘ರೊಕ್ಕ ಕೊಡ್ತೀನಿ’ಗೆ, ಇನ್ನೊಂದು ತುದಿ ‘ರಾಶಿ’ಗೆ ಕಟ್ಟಿದೆ. ರಾಶಿ ಆಯ್ತೋ ಇಲ್ಲೋ ಊರಿಗೆಲ್ಲ ಕಾಣುತ್ತದೆ, ಅಂಗಡಿಯವನು ಮರುದಿನವೇ ಬಂದು ಕೇಳಬಹುದು. ‘ಪಾಸಿಬಲ್’ಗೆ ಕಟ್ಟಿದ ಹಗ್ಗದ ಆ ಕಡೆಯ ತುದಿ ಇನ್ನೊಬ್ಬರ ಕೈಯಲ್ಲಿ. ಯಾವಾಗ ಸಾಧ್ಯವಾಯಿತು ಅಂತ ಹೇಳುವವರು ಅವರೇ.

ಕಾನೂನು ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸಂವಿಧಾನದ 22ನೇ ವಿಧಿಯನ್ನೇ ತೆಗೆದುಕೊಳ್ಳಿ. ಬಂಧಿಸಿದವನಿಗೆ ಯಾಕೆ ಬಂಧಿಸಿದ್ದೇವೆ ಅಂತ ‘ಆ್ಯಸ್ ಸೂನ್ ಆ್ಯಸ್ ಮೇ ಬಿ’ ತಿಳಿಸಬೇಕು ಅಂತ ಇದೆ. ಆದರೆ ಅವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ಮಾತು ಬಂದಾಗ ಆ ಸಡಿಲ ಮಾತು ಇಲ್ಲ, 24 ಗಂಟೆ ಅಂತ ಕರಾರು. ದಾರಿಯ ಸಮಯ ಮಾತ್ರ ಬಿಟ್ಟು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ಹಾಗೆಯೇ, ಸಾಧ್ಯವಾದಷ್ಟು ಬೇಗ ಕೊಡಿ ಅಂದವರು ಅದೇ ಉಸಿರಿಗೆ ‘ಏನೇ ಆದರೂ 30 ದಿನದೊಳಗೆ’ ಅಂತ ಸೇರಿಸಿದರು. ಆ ಮೂವತ್ತು ದಿನ ಸೇರಿಸಿರದಿದ್ದರೆ ನಮ್ಮ ಅರ್ಜಿಗಳ ಗತಿ ಏನಾಗುತ್ತಿತ್ತು ಅಂತ ನಮ್ಮ ಊರಿನ ಯಾರನ್ನಾದರೂ ಕೇಳಿ. ನಮ್ಮ ರಾಜ್ಯದ ಸಕಾಲ ಕಾಯ್ದೆ 2011ರದ್ದು, ಅದರ ಜೀವವೂ ದಿನದ ಲೆಕ್ಕದಲ್ಲೇ ಇದೆ. ಒಂದೊಂದು ಸೇವೆಗೆ ಇಂತಿಷ್ಟು ದಿನ ಅಂತ.

ದಿನದ ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ರಾಜ್ಯಪಾಲರ ಪ್ರಕರಣವೇ ಸಾಕ್ಷಿ. ಸಂವಿಧಾನದ 200ನೇ ವಿಧಿಯಲ್ಲಿ, ವಿಧಾನಸಭೆ ಕಳಿಸಿದ ಮಸೂದೆಯನ್ನು ರಾಜ್ಯಪಾಲರು ಮತ್ತೆ ಯೋಚಿಸಿ ಅಂತ ವಾಪಸ್ ಕಳಿಸುವುದಿದ್ದರೆ ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಕಳಿಸಬಹುದು ಅಂತ ಇದೆ. ಇದೇ ಮೂರು ನಾಲ್ಕು ಪದ ಹಿಡಿದುಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋದರು. 2023ರಲ್ಲಿ ಪಕ್ಕದ ತೆಲಂಗಾಣದ ಪ್ರಕರಣ ಬಂದಾಗ, ಈ ಪದಗಳಿಗೆ ತೂಕ ಇದೆ, ಅದನ್ನು ಮರೆಯಬಾರದು ಅಂತ ಕೋರ್ಟ್ ನೆನಪಿಸಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಂದು ತಿಂಗಳು, ಮೂರು ತಿಂಗಳು ಅಂತ ಗಡುವು ಹಾಕಿದರು. ಅದೇ ವರ್ಷ ನವೆಂಬರ್‌ನಲ್ಲಿ ಐವರ ಪೀಠ, ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕೋಕೆ ಬರುವುದಿಲ್ಲ, ಕಾರಣ ಇಲ್ಲದೆ ಬಹಳ ಕಾಲ ಸುಮ್ಮನೆ ಕೂತರೆ ಮಾತ್ರ ಕೇಳಬಹುದು ಅಂತ ಅಭಿಪ್ರಾಯ ಕೊಟ್ಟಿತು. ಯಾರು ಸರಿ ಅನ್ನುವ ರಾಜಕೀಯಕ್ಕೆ ನಾನು ಇಳಿಯುವುದಿಲ್ಲ. ಆದರೆ ಹತ್ತನೇ ತರಗತಿ ಮಗು ಪತ್ರದ ಕೊನೆಗೆ ಯೋಚಿಸದೆ ಬರೆಯುವ ಸಾಲು ಇಷ್ಟು ದೊಡ್ಡ ಜಗಳಕ್ಕೆ ಮೂಲವಾಯಿತು ಅಂತ ಕ್ಲಾಸಿನಲ್ಲಿ ಹೇಳಿ ನೋಡಿ. ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

‘ಅಟ್ ದ ಅರ್ಲಿಯೆಸ್ಟ್’ ಕೂಡ ನಮ್ಮ ಅರ್ಜಿಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ನಮ್ಮ ದೇಶದಲ್ಲಿ ಅದನ್ನು ‘ಜಲ್ದಿ ಮಾಡಿ’ ಅನ್ನುವ ಅರ್ಥಕ್ಕೇ ಎಲ್ಲರೂ ಬಳಸುತ್ತಾರೆ, ಒಪ್ಪೋಣ. ಹೊರದೇಶದವರ ಜೊತೆ ಕೆಲಸ ಮಾಡುವ ನಮ್ಮ ಹುಡುಗರು ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಅವರ ಮಾತಿನಲ್ಲಿ ‘ಮಂಡೇ ಅಟ್ ದ ಅರ್ಲಿಯೆಸ್ಟ್’ ಅಂದರೆ ಸೋಮವಾರಕ್ಕಿಂತ ಮುಂಚೆಯಂತೂ ಆಗುವುದಿಲ್ಲ ಅಂತ. ‘ಬೈ’ ಮತ್ತು ‘ಟಿಲ್’ ಗೊಂದಲವೂ ಇದೇ ಜಾತಿಯದು. ಅರ್ಜಿಯನ್ನು ಇಪ್ಪತ್ತರ ಒಳಗೆ ಕೊಡಬೇಕು ಅಂದರೆ ‘ಬೈ’, ಅಂಗಡಿ ಇಪ್ಪತ್ತರ ತನಕ ಮುಚ್ಚಿರುತ್ತದೆ ಅಂದರೆ ‘ಟಿಲ್’. ‘ಒಳಗೆ’, ‘ತನಕ’ ಇವೆರಡನ್ನು ನಮ್ಮ ಮಕ್ಕಳು ಮೂರನೇ ವಯಸ್ಸಿನಿಂದ ತಪ್ಪಿಲ್ಲದೆ ಆಡುತ್ತಾರೆ.

‘ಸೂನ್’ ಅನ್ನುವ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಈಗಲೇ, ಆ ಕ್ಷಣವೇ’ ಅನ್ನುವ ಅರ್ಥ ಇತ್ತು. ಜನ ‘ಈಗಲೇ’ ಅನ್ನುತ್ತಾ ತಡ ಮಾಡುತ್ತಾ ಬಂದು ಅದು ‘ಇನ್ನು ಸ್ವಲ್ಪ ಹೊತ್ತಿಗೆ’ ಅಂತ ಜಾರಿತು. ಸೂಪರ್ ಮಾರ್ಕೆಟ್ಟಿನಲ್ಲಿ ಗೆಳೆಯ ಕಾಯುತ್ತಿದ್ದರೆ ಮನೆಯಲ್ಲಿ ಕೂತೇ ‘ಬಂದೆ ಬಂದೆ’ ಅನ್ನುವ ನಮಗೆ ಇದು ಅರ್ಥವಾಗದ ವಿಷಯ ಏನಲ್ಲ. ‘ಆ್ಯಸ್ ಸೂನ್ ಆ್ಯಸ್’ ಒಳಗೆ ಮಾತ್ರ ಆ ಹಳೆಯ ಚುರುಕು ಇನ್ನೂ ಉಳಿದಿದೆ. ಅಲ್ಲಿ ತಡಕ್ಕೆ ಜಾಗ ಇಲ್ಲ.

ಈಗ ನಿಮ್ಮಲ್ಲಿ ಕೇಳಿಕೊಳ್ಳುವುದು. ಆ ಬೆಂಗಳೂರಿನ ವಾಕ್ಯವನ್ನು ತಿದ್ದಿ, ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ಒಳಪುಟದ ಮೂಲೆಯಲ್ಲಿ ‘ತಿದ್ದುಪಡಿ’ ಅಂತ ಹಾಕಿದರೆ ಯಾವ ಮಗುವೂ ನೋಡುವುದಿಲ್ಲ. ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿರುವ ಮಕ್ಕಳು ಇದ್ದಾರೆ, ನನ್ನ ಹತ್ತಿರ ಬರುವವರಲ್ಲೇ ಇದ್ದಾರೆ. ವಾರ್ಷಿಕ ಪರೀಕ್ಷೆ ಮಾರ್ಚ್‌ನಲ್ಲಿ, ಹಾಗಾಗಿ ಈ ತಿಂಗಳ ಒಳಗೆ ಆಗಲಿ. ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಅಂತ ನಾನು ಬರೆಯುವುದಿಲ್ಲ.

ಆಮೇಲೆ ‘ಸುಲಭ ಟ್ರಿಕ್’ ಜಾಗದಲ್ಲಿ ಪ್ರತಿ ವಾರ ಒಂದೇ ಒಂದು ಮಾತು ಹಿಡಿದು, ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳು ಮನೆಯಲ್ಲಿ ಆಡುವ ನಾಲ್ಕು ವಾಕ್ಯ ಕೊಟ್ಟು, ಪಕ್ಕದಲ್ಲಿ ಅದರ ಇಂಗ್ಲಿಷ್ ಕೊಡಿ. ವ್ಯಾಕರಣದ ಹೆಸರುಗಳು ಬೇಡ. ವಾಕ್ಯಗಳನ್ನು ಶಾಲೆಗಳಿಂದಲೇ ತರಿಸಿಕೊಳ್ಳಬಹುದು, ಮಕ್ಕಳ ಹೆಸರು ಹಾಕಿದರೆ ಊರೆಲ್ಲ ಓದುತ್ತದೆ. ನೋಡಿ ಕೊಡುವ ಕೆಲಸ ಬೇಕಾದರೆ ನಾನು ಮಾಡುತ್ತೇನೆ, ಸಂಭಾವನೆ ಬೇಡ. ಒಂದೇ ಷರತ್ತು, ನಾನು ಕೊಟ್ಟದ್ದನ್ನು ಬದಲಿಸುವುದಿದ್ದರೆ ಅಚ್ಚಿಗೆ ಹೋಗುವ ಮೊದಲು ಒಂದು ಫೋನ್ ಮಾಡಿ.

ಇಂತಿ,
ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರ
ಕಲಬುರಗಿ